ಮದಲೂರಿನ ಇಳಿಜಾರಿನಲ್ಲಿ ಸರಿದ ಬಸ್ಸು

1983ರಲ್ಲಿ ನಾನು ಒಂದು ಸಂಚಾರಿ ಕಣ್ಣಾಸ್ಪತ್ರೆಯ ಡ್ರೈವರ್ ಆಗಿದ್ದೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಹಳ್ಳಿಗಳಲ್ಲಿ ಒಂದೊಂದು ವಾರ ಬಸ್ ನಿಲ್ಲಿಸುತ್ತಿದ್ದೆವು. ಪೊರೆಯ ಆಪರೇಷನ್ ಬಸ್ಸಿನೊಳಗೇ ನಡೆಯುತ್ತಿತ್ತು. ನನ್ನ ಹೆಂಡತಿ ನಿಂಗಮ್ಮ ಶಿಬಿರಕ್ಕೆ ಅಡುಗೆ ಮಾಡುತ್ತಿದ್ದಳು. ಅವಳು ತೀರಿಕೊಂಡು ಈಗ ಮೂರು ತಿಂಗಳಾಯಿತು. ಅಡುಗೆಮನೆಗೆ ಹೋದಾಗಲೆಲ್ಲ ಮದಲೂರಿನ ಆ ದಿನ ನೆನಪಾಗುತ್ತದೆ.

ಬಸ್ಸು ಹೊರದೇಶದಿಂದ ದಾನವಾಗಿ ಬಂದದ್ದು. ಅಲ್ಲಿ ಅದು ಯಾರದೋ ಮೋಟಾರು ಮನೆಯಾಗಿತ್ತಂತೆ. ಮಂಚ ಇದ್ದ ಜಾಗದಲ್ಲಿ ಆಪರೇಷನ್ ಟೇಬಲ್ ಹಾಕಿದ್ದರು. ಅದಕ್ಕೆ ಮೂರು ಆಕ್ಸಲ್, ಅಂದರೆ ಮೂರು ಸಾಲು ಗಾಲಿ. ಮುಂದಿನದು ತಿರುಗಿಸಲು, ನಡುವಿನದು ಎಂಜಿನ್ ಎಳೆಯುವುದು, ತೀರ ಹಿಂದಿನದು ಭಾರ ಹೊರಲು ಮಾತ್ರ. ಈ ಹಿಂದಿನದಕ್ಕೆ ಟ್ಯಾಗ್ ಆಕ್ಸಲ್ ಎನ್ನುತ್ತಾರೆ. ಪಟ್ಟಿ ಸ್ಪ್ರಿಂಗಿನ ಬದಲು ಎಲ್ಲಕ್ಕೂ ರಬ್ಬರಿನ ಗಾಳಿ ಚೀಲ. ನೆಲ ಓರೆಯಾಗಿದ್ದರೆ ಒಂದು ಕಡೆಯ ಗಾಳಿ ಇಳಿಸಿ ಬಸ್ಸನ್ನು ಸಮ ಮಾಡಬಹುದಿತ್ತು. ಟೇಬಲ್ ಮೇಲೆ ಬಟ್ಟಲಲ್ಲಿ ನೀರಿಟ್ಟು, ನೀರು ಅಂಚಿಗೆ ಸಮವಾಗಿ ನಿಂತಿತೆಂದರೆ ಡಾಕ್ಟರು ಕೈಗವಸು ಹಾಕುತ್ತಿದ್ದರು.

ಟ್ಯಾಗ್ ಚೀಲಗಳಿಗೆ ಬೇರೆಯೇ ನಲ್ಲಿ. ಶಿಬಿರದಲ್ಲಿ ಅದನ್ನು ಮುಟ್ಟುವ ಪದ್ಧತಿ ಇರಲಿಲ್ಲ. ಅವು ಬಿಗಿಯಾಗಿದ್ದರೆ ಯಾರಾದರೂ ಓಡಾಡಿದರೂ ಟೇಬಲ್ ಅಲುಗುವುದಿಲ್ಲವೆಂದು ನನಗಿಂತ ಮೊದಲಿದ್ದ ಡ್ರೈವರ್ ಹೇಳಿಕೊಟ್ಟಿದ್ದ. ಅದು ನಿಜವೂ ಆಗಿತ್ತು.

ಮದಲೂರಿನಲ್ಲಿ ಕೆರೆಯ ಕಡೆಗೆ ಇಳಿಜಾರಾದ ಬಯಲಿನಲ್ಲಿ ಜಾಗ ಕೊಟ್ಟರು. ಮೂತಿ ಕೆಳಗಾಗಿ ನಿಲ್ಲಿಸಿ, ನಡುಗಾಲಿಗಳ ಮುಂದೆ ಕಲ್ಲಿಟ್ಟೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಆ ಗಾಲಿಗಳನ್ನೇ. ಕುರಿ ಕಾಯುವ ಚಿತ್ತಯ್ಯ ಎಂಬ ಮುದುಕ ಆಗಲೇ ತಕರಾರು ತೆಗೆದ.

"ಡ್ರೈವರಪ್ಪ, ನಿನ್ ಗಾಡಿ ಅತ್ಲಾಗೆ ಎಳ್ಕ. ಕುರಿ ನೀರಿಗೆ ಹೆಂಗೋಗ್ತವೆ? ನಿಂತಲ್ಲೇ ನಿಂತಿರಾಕೆ ಇದೇನು ನಿಮ್ಮಪ್ಪನ್ ಕಣವಾ?"

"ವಾರ ತಡ್ಕ ಯಜಮಾನ" ಎಂದೆ. ಅವನು ಗೊಣಗಿಕೊಂಡು ಗಾಲಿಯ ನೆರಳಲ್ಲೇ ಕೂತ.

ಮಾರನೆಯ ಬೆಳಿಗ್ಗೆ ಬಟ್ಟಲ ನೀರು ಮುಂದಕ್ಕೆ ವಾಲಿತ್ತು. ನಡುಗಾಲಿಯ ಚೀಲಗಳಿಂದ ಇನ್ನಷ್ಟು ಗಾಳಿ ಬಿಟ್ಟು ಹಿಂಭಾಗ ತಗ್ಗಿಸಿದೆ. ನೀರು ಸಮವಾಯಿತು. ಕಾಫಿ ಕುಡಿಯಲು ಒಲೆಯ ಕಡೆ ಹೋದೆ. ಮೊದಲ ರೋಗಿಯನ್ನು ಹತ್ತಿಸಲು ನಾಲ್ಕು ಜನ ಒಟ್ಟಿಗೆ ಮೆಟ್ಟಿಲೇರಿದರಂತೆ. ಬಸ್ಸು ಮೆಲ್ಲಗೆ ಸರಿದು, ಎರಡು ಮಾರು ಕೆಳಗಿನ ಹೊಂಗೆ ಮರಕ್ಕೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆಪರೇಷನ್ ಶುರುವಾದ ಮೇಲಾಗಿದ್ದರೆ ಒಂದು ಕಣ್ಣು ಹೋಗುತ್ತಿತ್ತು.

ನಾನೇ ಮೊದಲು ಓಡಿ ಹತ್ತಿದೆ. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಡಾಕ್ಟರು ನಂಬಲಿಲ್ಲ.

"ನೀನು ಮರೆತಿದ್ದೆ. ಓಡಿ ಬಂದು ಈಗ ಎಳೆದಿದ್ದೀಯ."

ಬ್ರೇಕ್ ಹಿಡಿದ ಗಾಲಿ ಜಾರಿದ್ದರೆ ಮಣ್ಣಿನಲ್ಲಿ ಗುರುತಿರಬೇಕಿತ್ತು. ಅದರ ಹಿಂದೆಯೇ ಟ್ಯಾಗ್ ಗಾಲಿ ಹಾದು ಅಳಿಸಿತ್ತು, ಅದು ಮುಟ್ಟದ ಕೊನೆಯ ತುಂಡಿನಲ್ಲಿ ಬರೀ ಹುಲ್ಲು. ಆದರೆ ಕಲ್ಲುಗಳು? ಗಾಲಿ ಅವುಗಳ ಮೇಲೆ ಹತ್ತಿ ಇಳಿದಿದ್ದರೆ ನೆಲಕ್ಕೆ ಹೂತಿರಬೇಕಿತ್ತು. ಅವು ಒಂದು ಮೊಳ ಪಕ್ಕದಲ್ಲಿ, ಯಾರೋ ಎತ್ತಿಟ್ಟಂತೆ ಬಿದ್ದಿದ್ದವು. ನನ್ನ ಕಣ್ಣು ಚಿತ್ತಯ್ಯನ ಮೇಲೆ ಹೋಯಿತು. ಡಾಕ್ಟರ ಕಣ್ಣೂ ಹೋಯಿತು.

"ಕಲ್ಲು ತೆಗೆದದ್ದು ಇವನೇ ಅಂತ ನೀನು ಹೇಳಿದರೆ ಪೊಲೀಸರನ್ನು ಕರೆಸ್ತೀನಿ. ಇಲ್ಲದಿದ್ದರೆ ನಾಳೆ ಬೇರೆ ಡ್ರೈವರ್ ಬರ್ತಾನೆ. ಸಂಜೆಯೊಳಗೆ ಹೇಳು."

ಚಿತ್ತಯ್ಯ ಬೀಡಿ ಹಚ್ಚಿದ. "ನಾನ್ಯಾಕ್ ತೆಗೀಲಿ? ಗಾಡಿ ಕೆಳೀಕ್ ಬಂದ್ರೆ ನನ್ ಕುರಿ ಮ್ಯಾಲೇ ಅಲ್ವಾ ಬರಾದು? ಅಷ್ಟೂ ಬುದ್ಧಿ ಇಲ್ವಾ ನಿಮ್ಗೆ?"

ಮಾತು ಸರಿಯಾಗಿತ್ತು. ಆದರೂ ನನ್ನ ಅನುಮಾನ ಹೋಗಲಿಲ್ಲ. ಊರಿನವರೂ ನಮ್ಮನ್ನು ನಂಬುತ್ತಿರಲಿಲ್ಲ. ಬಸ್ಸಿನಲ್ಲಿ ಕಣ್ಣು ಕಿತ್ತು ಬೇರೆಯವರಿಗೆ ಹಾಕುತ್ತಾರೆಂದು ಕೆಲವರು ಆಡಿಕೊಳ್ಳುತ್ತಿದ್ದರು. ಅವರಲ್ಲೇ ಯಾರೋ ಇರಬಹುದು, ಇಲ್ಲವೇ ಇವನೇ. ಯಾರ ಮುಖ ನೋಡಿದರೂ ಏನೋ ಮುಚ್ಚಿಟ್ಟಂತೆ ಕಾಣುತ್ತಿತ್ತು. ಅವನ ಹೆಸರು ಹೇಳಿಬಿಟ್ಟರೆ ಕೆಲಸ ಉಳಿಯುತ್ತದೆ ಎಂದುಕೊಂಡೇ ಒಲೆಯ ಹತ್ತಿರ ಹೋಗಿ ಕೂತೆ.

ನಿಂಗಮ್ಮ ಉದ್ದನೆಯ ಒಲೆ ಹೂಡಿ, ಎರಡೂ ಬದಿ ಸಾಲಾಗಿ ಮೂರು ಮೂರು ಕಲ್ಲಿಟ್ಟು, ಅನ್ನದ ದೊಡ್ಡ ಕೊಪ್ಪರಿಗೆ ಏರಿಸಿದ್ದಳು.

"ಸುಮ್ನೆ ಕೂತ್ಕಬ್ಯಾಡಿ. ಆ ನಡೂಕಿನ ಕಲ್ಲು ಈಚೆಗೆ ಎಳೀರಿ, ಸೌದೆ ಆಡ್ತಿಲ್ಲ."

"ಕೊಪ್ಪರಿಗೆ ಉರುಳ್ತದೆ ಕಣೇ."

"ಇಲ್ಲ ಕಣ್ರೀ. ಹಿಂದ್ಲ ಕಲ್ಲು ಎತ್ರ ಅದೆ. ನಡೂಕಿಂದು ಸುಮ್ನೆ ಹೆಸ್ರಿಗೆ ನಿಂತದೆ."

ಎರಡು ಬೆರಳಿನಲ್ಲಿ ಎಳೆದೆ. ಕಲ್ಲು ಬಂದುಬಿಟ್ಟಿತು. ಅಷ್ಟು ಅನ್ನ ತುಂಬಿದ ಪಾತ್ರೆ ಅಲುಗಲೂ ಇಲ್ಲ.

ಕಲ್ಲನ್ನು ಕೈಯಲ್ಲಿ ಹಿಡಿದೇ ಬಸ್ಸಿನ ಹತ್ತಿರ ಹೋಗಿ ಮಂಡಿಯೂರಿ ನೋಡಿದೆ. ಭಾರ ಬಿದ್ದ ಟೈರು ನೆಲದ ಹತ್ತಿರ ಉಬ್ಬಿರುತ್ತದೆ. ಮುಂದಿನವು ಉಬ್ಬಿದ್ದವು. ಟ್ಯಾಗ್ ಟೈರುಗಳು ವಿಪರೀತ ಉಬ್ಬಿದ್ದವು. ನಡುವಿನವು ಅಂಗಡಿಯಲ್ಲಿ ತೂಗುಹಾಕಿದ ಟೈರಿನಂತೆ ದುಂಡಗಿದ್ದವು. ನಾನು ನಡುವಿನ ಗಾಳಿ ಬಿಟ್ಟಷ್ಟೂ ಭಾರವೆಲ್ಲ ಗಾಳಿ ತುಂಬಿದ್ದ ಟ್ಯಾಗ್ ಮೇಲೆ ಹೋಗಿತ್ತು. ಬ್ರೇಕು ಗಾಲಿಯನ್ನು ಹಿಡಿದಿತ್ತು, ಗಾಲಿ ನೆಲವನ್ನು ಹಿಡಿದಿರಲಿಲ್ಲ. ಭಾರವಿಲ್ಲದ ಗಾಲಿ ಕಲ್ಲನ್ನು ಹತ್ತದೆ ಪಕ್ಕಕ್ಕೆ ದೂಡಿತ್ತು.

ಡಾಕ್ಟರನ್ನು ಕರೆದು ಟೈರು ತೋರಿಸಿದೆ. ಟ್ಯಾಗ್ ಚೀಲಗಳ ನಲ್ಲಿಯನ್ನು ತಿರುಗಿಸಿದೆ. ಗಾಳಿ ಹೊರಟಂತೆ ಹಿಂಭಾಗ ಕುಸಿದು, ನಡುವಿನ ಟೈರುಗಳು ನಮ್ಮ ಕಣ್ಣೆದುರೇ ಉಬ್ಬಿದವು. ಅವರು ಬಹಳ ಹೊತ್ತು ಬಗ್ಗಿ ನೋಡಿದರು.

"ಹಾಗಾದರೆ ಕಲ್ಲು ಯಾರೂ ತೆಗೆದಿಲ್ಲ."

"ಯಾರೂ ತೆಗೆದಿಲ್ಲ ಸಾರ್."

ಚಿತ್ತಯ್ಯ ಎದ್ದು ಕಂಬಳಿ ಕೊಡವಿದ. "ಇಷ್ಟೊತ್ಗಂಟ ನಾನು ಕಳ್ಳ. ಈಗ ಗಾಡಿ ಕಳ್ಳನಾ? ಆಗ್ಲಿ, ಮದ್ಲು ದಾರಿ ಬುಡಿ."

ಬಸ್ಸನ್ನು ಮೇಲಿನ ಸಮನೆಲಕ್ಕೆ ಒಯ್ದೆವು. ಮಾರನೆಯ ದಿನ ಬೇರೆ ಡ್ರೈವರ್ ಬರಲಿಲ್ಲ. ಇಳಿಜಾರಿನಲ್ಲಿ ಸಮ ಮಾಡುವ ಮೊದಲು ಟ್ಯಾಗ್ ಗಾಳಿ ಬಿಡಬೇಕು, ಬ್ರೇಕ್ ಹಿಡಿಯುವ ಗಾಲಿಯ ಮೇಲೆ ಭಾರವಿದೆಯೇ ಎಂದು ಕಣ್ಣಿಂದ ನೋಡಬೇಕು. ನಂತರ ಬಂದ ಡ್ರೈವರುಗಳಿಗೆಲ್ಲ ಇದನ್ನೇ ಹೇಳಿಕೊಟ್ಟೆ. ಯಾರ ಕೈವಾಡ ಎಂದು ಕೇಳುವ ಮುಂಚೆ ಭಾರ ಎಲ್ಲಿದೆ ಎಂದು ನೋಡುವುದನ್ನು ನಾನು ಕಲಿತದ್ದು ಅಂದೇ.

ಊಟಕ್ಕೆ ಕೂತಾಗ ನಿಂಗಮ್ಮನಿಗೆ ನಿನ್ನಿಂದ ಕೆಲಸ ಉಳಿಯಿತು ಎಂದೆ. "ನಾನೇನ್ ಮಾಡ್ದೆ? ಕಲ್ಲು ಎಳೀರಿ ಅಂದೆ" ಎಂದು ಇನ್ನೊಂದು ಸೌಟು ಅನ್ನ ಬಡಿಸಿದಳು. ನಮ್ಮ ಮನೆಯ ಭಾರ ಅವಳ ಮೇಲಿತ್ತು. ಅದು ಎಷ್ಟಿತ್ತೆಂದು ಈ ಮೂರು ತಿಂಗಳಿಂದ ನೋಡುತ್ತಿದ್ದೇನೆ.