ಹೊಳೆಯಾಚೆಗೆ ಒಯ್ದ ಸೊಪ್ಪಿನನ್ನ

ಗೊಲೊಕ್ ಹೊಳೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಮಲೇಷ್ಯಾದ ದಡದಲ್ಲಿ, ಮಸೀದಿಯ ಹಿಂದಿನ ತಗಡಿನ ಚಪ್ಪರದಡಿ ಕುಳಿತು ಕಲ್ಸೋಮ್ ಸೊಪ್ಪು ಹೆಚ್ಚುತ್ತಿದ್ದಾರೆ. ಒಂದೆಲಗ, ಅರಿಶಿನದ ಎಳೆಯ ಎಲೆ, ಗೇರುಮರದ ಚಿಗುರು. ಸುರುಳಿ ಸುತ್ತಿ ಹೆಚ್ಚಿದ ಎಲೆಗಳು ದಾರದಂತೆ ಸಣ್ಣಗೆ ಉದುರುತ್ತವೆ. ಆರಿದ ಅನ್ನಕ್ಕೆ ಅದನ್ನೆಲ್ಲ ಕಲಸಿ, ಹುರಿದ ತೆಂಗಿನತುರಿ, ಸುಟ್ಟ ಮೀನಿನ ಚೂರು ಬೆರೆಸಿ ಬಾಳೆಲೆಯಲ್ಲಿ ಕಟ್ಟುತ್ತಾರೆ. ಬಿಸಿಲೇರುವ ಮೊದಲೇ ನೂರರ ಹತ್ತಿರ ಕಟ್ಟುಗಳು ಖಾಲಿಯಾಗುತ್ತವೆ.

ಮೊದಲ ಗಿರಾಕಿ ಮರಳು ಲಾರಿಯ ಡ್ರೈವರ್ ಡೆರಮನ್.

"ದೊಡ್ಡಮ್ಮಾ, ಎರಡು ಕೊಡು. ರಾತ್ರಿಯಿಂದ ಹೊಟ್ಟೆ ಗುಡುಗ್ತಾ ಇದೆ."

"ಮತ್ತೆ ಕರಿದ ಕೋಳಿ ತಿಂದ್ಯಾ?"

"ಒಂದೇ ಒಂದು ತುಂಡು!"

"ನಿನ್ನ ಬಾಯಿ ಸುಳ್ಳು ಹೇಳುತ್ತೆ, ಹೊಟ್ಟೆ ಹೇಳಲ್ಲ. ಕೂತ್ಕೊ ಮೊದ್ಲು. ಅಗಿದು ತಿನ್ನು, ಲಾರಿ ಎಲ್ಲೂ ಓಡಿಹೋಗಲ್ಲ."

ಕಲ್ಸೋಮ್‌ಗೆ ಅರವತ್ತು ದಾಟಿದೆ. ಬೆರಳ ಸಂದಿಯ ಹಸಿರು ಬಣ್ಣ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಗದ್ದೆಬದುವಿನಲ್ಲಿ ಸೊಪ್ಪು ಕೀಳುವಾಗ ಹತ್ತಿದ ಜಿಗಣೆಗಳ ಕಲೆ ಕಾಲ ತುಂಬ ಇದೆ. ಈ ಕೆಲಸ ಅಮ್ಮನಿಂದ ಬಂದದ್ದು. ಚಿಕ್ಕಂದಿನಲ್ಲಿ ತಂಗಿ ಹಲೀಜಾ ಜೊತೆಗಿರುತ್ತಿದ್ದಳು. ಮದುವೆಯಾಗಿ ಅವಳು ಹೊಳೆಯಾಚೆ, ಥಾಯ್ಲೆಂಡಿನ ದಡಕ್ಕೆ ಹೋದಳು. ದೂರವೇನೂ ಅಲ್ಲ. ಅವಳ ಮನೆಯ ತೆಂಗಿನಮರಗಳು ಈ ಚಪ್ಪರದಿಂದಲೇ ಕಾಣುತ್ತವೆ. ಶುಕ್ರವಾರ ಬಂತೆಂದರೆ ದೋಣಿ ಹತ್ತಿ ಬರುತ್ತಿದ್ದಳು, ಅಕ್ಕತಂಗಿಯರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ಗಡಿಯ ಕಾವಲು ಬಿಗಿಯಾಗಿ ಆ ಸಣ್ಣ ದೋಣಿ ನಿಂತುಹೋಗಿದೆ. ಈಗ ಎದುರಿನ ಮನೆ ಸೇರಬೇಕಾದರೆ ಬಸ್ಸು ಹಿಡಿದು ಸೇತುವೆ ಸುತ್ತಿಕೊಂಡೇ ಹೋಗಬೇಕು. ವ್ಯಾಪಾರ ಮುಗಿದು ಚಪ್ಪರ ಗುಡಿಸಿದ ಮೇಲೂ ಕಲ್ಸೋಮ್ ಎದ್ದು ಮನೆಗೆ ಹೋಗುವುದಿಲ್ಲ, ಸುಮ್ಮನೆ ಆ ತೆಂಗಿನಮರಗಳ ಕಡೆ ನೋಡುತ್ತ ಕೂರುತ್ತಾರೆ.

ಹೋದ ಮಳೆಗಾಲ ಹಲೀಜಾಳ ಹೊಟ್ಟೆಯಲ್ಲಿ ಹುಣ್ಣಾಯಿತು. ಹುಣ್ಣು ವಾಸಿಯಾದರೂ ಊಟ ಮಾತ್ರ ಸೇರಲಿಲ್ಲ. ಇನ್ನು ಸ್ವಲ್ಪಸ್ವಲ್ಪವೇ ಮೆತ್ತಗಿನ ಊಟ ಶುರುಮಾಡಿ ಎಂದು ಡಾಕ್ಟರು ಹೇಳಿದರೂ ಗಂಜಿ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. ಒಂದು ದಿನ ಫೋನಿನಲ್ಲಿ, "ಏನೂ ಬೇಡ ಅನ್ಸುತ್ತೆ ಅಕ್ಕಾ. ನಿನ್ನ ಅನ್ನದ ಪರಿಮಳ ನೆನೆದಾಗ ಮಾತ್ರ ಬಾಯಲ್ಲಿ ನೀರು ಬರುತ್ತೆ," ಎಂದಳು.

ಮಾರನೆಯ ದಿನ ಕಲ್ಸೋಮ್ ಚಪ್ಪರ ತೆರೆಯಲೇ ಇಲ್ಲ. ಅನ್ನ ಕಲಸಿ, ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಸೇತುವೆಯ ಬಳಿ ಉದ್ದನೆಯ ಸಾಲು, ಆಚೆ ಮತ್ತೊಂದು ಬಸ್ಸು. ತಂಗಿಯ ಮನೆ ಮುಟ್ಟಿ ಎಲೆ ಬಿಚ್ಚಿದಾಗ ಸೊಪ್ಪು ಕಪ್ಪಾಗಿತ್ತು, ಅನ್ನ ಹಳಸಿತ್ತು.

ಎಲುಬು ಕಾಣುವ ಕೈ ಚಾಚಿ ಹಲೀಜಾ, "ಪರವಾಗಿಲ್ಲ, ಕೊಡು" ಎಂದಳು.

"ಸಾಯ್ಬೇಕು ಅಂತಿದೀಯಾ? ಮುಟ್ಟಬೇಡ!"

ಅನ್ನವನ್ನು ಕೋಳಿಗಳಿಗೆ ಸುರಿದ ಕಲ್ಸೋಮ್ ಸೆರಗಿನಂತೆ ಹೊದ್ದ ಬಟ್ಟೆಯಿಂದ ಮುಖ ಒರೆಸಿಕೊಂಡು ಹಿತ್ತಲಿಗಿಳಿದರು. ಬಚ್ಚಲ ನೀರು ಹರಿಯುವ ಕಡೆ ಒಂದೆಲಗ ಸೊಂಪಾಗಿ ಹಬ್ಬಿತ್ತು. ಎಳೆಯದನ್ನೇ ಆರಿಸಿ, ಬಾಡಿಸಿ, ಮುದ್ದೆಯಾಗುವಷ್ಟು ಬೇಯಿಸಿದ ಅನ್ನಕ್ಕೆ ಕಲಸಿದರು. ಖಾರ ಹಾಕಲಿಲ್ಲ, ಮೀನನ್ನೂ ಹಾಕಲಿಲ್ಲ. ತಂಗಿ ಒಂದು ತುತ್ತು ತಿಂದು ತುಂಬ ಹೊತ್ತು ಅಗಿದಳು. ಆಮೇಲೆ ಇನ್ನೊಂದು ತುತ್ತು.

"ಉಪ್ಪು ಕಮ್ಮಿ," ಎಂದಳು.

"ಬಾಯಿಗೆ ರುಚಿ ಬಂತು ಬಿಡು, ಬದುಕ್ತೀಯ!" ಎಂದ ಕಲ್ಸೋಮ್ ನಕ್ಕರು. ನಗುತ್ತಲೇ ಅತ್ತರು.

ಹಲೀಜಾ ಈಗ ಮೂರು ಹೊತ್ತೂ ಉಣ್ಣುತ್ತಿದ್ದಾಳೆ. ಸೊಪ್ಪು ಬಾಡಿಸುವುದನ್ನು ಅವಳ ಸೊಸೆ ಕಲಿತಿದ್ದಾಳೆ. ಆದರೆ ಅಷ್ಟು ದೂರ ಮತ್ತೆ ಮತ್ತೆ ಹೋಗಲು ಕಲ್ಸೋಮ್‌ರ ಮಂಡಿ ಬಿಡುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅವರು ಕತ್ತಿಯನ್ನು ಕೆಳಗಿಡುತ್ತಾರೆ.

"ದಿನಾ ಫೋನ್ ಮಾಡ್ತಾಳೆ, ಚೆನ್ನಾಗಿ ಉಂಡೆ ಅಂತಾಳೆ. ನಂಬ್ತೀನಿ. ಆದ್ರೂ ಉಣ್ಣೋವಾಗ ಅವಳ ಮುಖ ನೋಡ್ಬೇಕು. ಹೊಟ್ಟೆಗೆ ಹಿತವಾಯ್ತೋ ಇಲ್ವೋ ಅನ್ನೋದು ಮಾತಲ್ಲಿ ಗೊತ್ತಾಗಲ್ಲ."