ಜೋಡಿ ಕಟ್ಟುವ ಹಿಂದಿನ ದಿನ

ಪೈಲ್ವಾನ್ ಮಹದೇವು ಅವರೊಂದಿಗಿನ ಮೊದಲ ಮಾತುಕತೆಯನ್ನು ಗೊತ್ತುಮಾಡಿಕೊಟ್ಟವರು ಅವರ ಮಗ ಸಂಜಯ್. ಮೈಸೂರಿನ ಗರಡಿಗಳ ನೆನಪುಗಳನ್ನು ಧ್ವನಿಮುದ್ರಿಸುತ್ತಿದ್ದ ನಾನು ಬೋಗಾದಿಯಲ್ಲಿರುವ ಅವರ ಬಣ್ಣದ ಅಂಗಡಿಗೆ ಹೋದಾಗ, ಒಂಟಿಕೊಪ್ಪಲಿನಲ್ಲಿರುವ ತಂದೆಯ ಮನೆಯ ವಿಳಾಸವನ್ನು ಎಡಗೈಯಲ್ಲಿ ಬರೆದುಕೊಟ್ಟರು. ಬಲತೋಳು ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ತಂದೆಯ ಮನೆಯ ಮೆಟ್ಟಿಲನ್ನು ಅವರು ಹತ್ತದೆ ವರ್ಷಗಳಾಗಿವೆ.

“ಈ ತೋಳು ಎಂಗೆ ಹೋಯ್ತು ಅಂತ ಅಪ್ಪನ್ನ ಕೇಳಿ ಸಾರ್. ಅವ್ರು ಏನ್ ಹೇಳ್ತಾರೋ ಅದ್ನ ನಂಗೂ ಒಂದ್ಸಲ ಕೇಳ್ಸಿ. ಬೇರೆ ಏನೂ ಬ್ಯಾಡ.”

ಮಗನ ಈ ಕೋರಿಕೆಯನ್ನು ನಾನು ಮಹದೇವು ಅವರಿಂದ ಮುಚ್ಚಿಡಲಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ತಾನು ಬರಕ್ಕಾಗ್ದೆ ನಿಮ್ಮನ್ ಕಳ್ಸುದ್ನಾ? ಜೋರಾಗಿ ಗಾಳಿ ಬೀಸುದ್ರೆ ಕುಕ್ಕರಹಳ್ಳಿ ಕೆರೆಗೆ ಹೋಗಿ ಬಿದ್ಬುಡ್ತೀರಿ ನೀವು. ಕೂತ್ಕೊಳಿ ಮೇಷ್ಟ್ರೇ.”

ಗೆದ್ದ ಗದೆಗಳ ಬಗ್ಗೆ, ಕೋಲು ಮುರಿಯುವಂತೆ ಹೊಡೆದು ಕಲಿಸಿದ ಶಿಷ್ಯರ ಬಗ್ಗೆ ಒಂದೇ ಹೆಮ್ಮೆಯಿಂದ ಹೇಳಿದರು. ಮಗನ ವಿಷಯ ಬಂದಾಗ ಮಾತು ಚಿಕ್ಕದಾಯಿತು.

“ಅಖಾಡದಲ್ಲಿ ಎದ್ರುಕೊಂಡ. ಎದ್ರುಕೊಂಡೋನ ಮೈ ಬಿಗಿಯಲ್ಲ. ಅಲ್ಲೇ ತೋಳು ಹೋಯ್ತು.”

ಹೊಸ್ತಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದ ಅವರ ಹೆಂಡತಿ ಪುಟ್ಟತಾಯಮ್ಮ ತಲೆಯೆತ್ತಲಿಲ್ಲ.

“ಸುಳ್ಯಾಕ್ ಏಳ್ತೀರಿ? ಜಾರಿದ್ ಭುಜನ ಭಾನುವಾರ ಇದೇ ಜಗಲಿ ಮೇಲೆ ನೀವೇ ಎಳ್ದು ಕೂರ್ಸುದ್ರಿ. ಕೂಗ್ದಂಗೆ ಅವನ್ ಬಾಯ್ಗೆ ಟವಲ್ ಕೊಟ್ಟೋಳು ನಾನು.”

ಮಹದೇವು ಎದ್ದು ಒಳಗೆ ಹೋದರು. ಅಂದಿನ ಮಾತುಕತೆ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಪದ್ಧತಿಯನ್ನು ವಿವರಿಸಬೇಕು. ದಸರಾ ಕುಸ್ತಿಗೆ ಒಂದೆರಡು ವಾರ ಮೊದಲು ಜೋಡಿ ಕಟ್ಟುತ್ತಾರೆ. ಸಮತೂಕದ ಇಬ್ಬರನ್ನು ಎಲ್ಲರೆದುರು ನಿಲ್ಲಿಸಿ ಕೈಗೆ ಕೈ ಕೊಡಿಸುತ್ತಾರೆ. ಹೆಸರು ಕೊಟ್ಟ ಹುಡುಗ ಆ ದಿನ ಬಾರದಿದ್ದರೆ ಅವನ ಗರಡಿಯೇ ಹೆದರಿತೆಂದು ಆಡಿಕೊಳ್ಳುತ್ತಾರೆ. ಪೈಲ್ವಾನರು ಉಳುಕಿಗೆ ತಾವೇ ಎಣ್ಣೆ ತಿಕ್ಕಿ ಪಟ್ಟಿ ಕಟ್ಟಿಕೊಳ್ಳುವುದು ರೂಢಿ. ಆದರೆ 1998ರಲ್ಲಿ ಜೋಡಿ ಕಟ್ಟಿದ ದಿನ ಸಂಜಯ್ ಅವರ ಅಂಗಿಯೊಳಗಿನ ಪಟ್ಟಿಯ ಕೆಳಗೆ ಇದ್ದದ್ದು ಉಳುಕಲ್ಲ.

ಧ್ವನಿಮುದ್ರಣವನ್ನು ದಾಖಲೆಗೆ ಸೇರಿಸುವ ಮುನ್ನ ಹೇಳಿದವರಿಗೇ ಅದನ್ನು ಕೇಳಿಸಿ ಒಪ್ಪಿಗೆ ಪಡೆಯುವುದು ನನ್ನ ಕ್ರಮ. ಮುಂದಿನ ವಾರ ಅದೇ ಜಗಲಿಯಲ್ಲಿ ಕೇಳಿಸಿದೆ. ಹೆಂಡತಿಯ ಮಾತು ಬಂದಾಗ ಮಹದೇವು ಅಂಗೈಯಿಂದ ಮೊಣಕಾಲನ್ನು ಉಜ್ಜಿಕೊಂಡರು.

“ಅವಳ್ದು ತೆಗ್ದಾಕಿ.”

ಅದು ಪುಟ್ಟತಾಯಮ್ಮನವರ ಮಾತು, ತೆಗೆಯಬೇಕೋ ಬೇಡವೋ ಅವರೇ ಹೇಳಬೇಕು ಎಂದೆ.

“ನಂದು ಇರ್ಲಿ ಕಣ್ರೀ ಮೇಷ್ಟ್ರೇ,” ಎಂದರು ಪುಟ್ಟತಾಯಮ್ಮ. “ಅವನ್ ಕೇಳ್ಲಿ. ನನ್ ಟವಲ್ ವಿಷ್ಯನೂ ಕೇಳ್ಲಿ.”

ಹಾಗಾದರೆ ತಮ್ಮ ಮಾತನ್ನು ಏನು ಮಾಡಲಿ ಎಂದು ಮಹದೇವು ಅವರನ್ನು ಕೇಳಿದೆ. ಅವರು ಬೀದಿಯ ಕಡೆ ತಿರುಗಿ ಕುಳಿತರು. ನಾನು ಯಂತ್ರವನ್ನು ಚೀಲಕ್ಕೆ ಹಾಕಲು ಹೊರಟಾಗ, ಮುಖ ತಿರುಗಿಸದೆಯೇ ಹೇಳಿದರು:

“ಭಾನುವಾರ ಅಲ್ಲ. ಅವಳ್ಗೆ ಮರ್ತೋಗದೆ. ಭಾನುವಾರ ಜೋಡಿ ಕಟ್ಟುದ್ದು. ಭುಜ ಕೂರ್ಸಿದ್ದು ಶನಿವಾರ.”

ಯಂತ್ರವನ್ನು ಮತ್ತೆ ಹೊರತೆಗೆದೆ. ಅವರು ಅದನ್ನೇ ಇನ್ನೊಮ್ಮೆ ಹೇಳಿದರು.

ದಾಖಲೆ: 1998ರ ಸೆಪ್ಟೆಂಬರ್ 12, ಶನಿವಾರ, ಜೋಡಿ ಕಟ್ಟುವ ಹಿಂದಿನ ದಿನ, ಸಂಜಯ್ ಅವರ ಜಾರಿದ ಬಲಭುಜವನ್ನು ತಂದೆ ಮನೆಯಲ್ಲೇ ಎಳೆದು ಕೂರಿಸಿದರು. ಹೇಳಿದವರು ಪುಟ್ಟತಾಯಮ್ಮ, ದಿನವನ್ನು ತಿದ್ದಿದವರು ಮಹದೇವು.