ಭೀಮಪ್ಪನ ಹಣೆಯ ಗೆರೆ

ಸತ್ತವರು ಸೇಡು ತೀರಿಸಿಕೊಳ್ಳುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಚಿಕ್ಕೋಡಿಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ನನಗೆ ಕಣ್ಣಿಗೆ ಕಂಡದ್ದಷ್ಟೇ ನಿಜ. ನೀವೂ ಈಗ ನಗಬಹುದು. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಕೊನೆಯ ಮಾತು. ರಾಯಬಾಗದ ಹತ್ತಿರದ ಬೆಲ್ಲದ ಗಾಣವೊಂದರಲ್ಲಿ ಭೀಮಪ್ಪ ಎಂಬಾತ ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದ. ಬೆಂಕಿಗೆ ಬೆಂದು ಸುಕ್ಕುಗಟ್ಟಿದ ಅವನ ಮುಖ ನನ್ನನ್ನು ಹಿಡಿದು ನಿಲ್ಲಿಸಿತು. ಎದುರಿಗೆ ಕೂರಿಸಿಕೊಂಡು, ಮೇಣ ಬಳಿದ ತಾಮ್ರದ ತಗಡಿನ ಮೇಲೆ ಒಂದೊಂದೇ ಸುಕ್ಕನ್ನು ಸೂಜಿಯಿಂದ ಗೀರಿದೆ. ಸದಾ ರುಮಾಲಿನಡಿ ಇದ್ದ ಹಣೆ ಮಾತ್ರ ನುಣುಪಾಗಿತ್ತು.

"ಮಾರಿ ಅಲ್ರಿ ಇದು, ನೇಗಿಲಾ ಹೊಡದ ಹೊಲಾ," ಎಂದು ಭೀಮಪ್ಪ ನಕ್ಕಿದ್ದ.

ತಗಡನ್ನು ಆಮ್ಲದಲ್ಲಿ ಅದ್ದಿ ಗೆರೆಗಳನ್ನು ಕೊರೆಸಿದ್ದೆ. ಮಸಿ ತುಂಬಿ ಕಾಗದಕ್ಕೆ ಅಚ್ಚು ತೆಗೆಯುವ ಮೊದಲೇ ಅವನು ಬಾವಿಗೆ ಬಿದ್ದು ಸತ್ತನೆಂಬ ಸುದ್ದಿ ಬಂತು. ಕಾಲು ಜಾರಿತೆಂದು ಗಾಣದ ಮಾಲಕ ಹೇಳಿದ, ಊರು ನಂಬಿತು. ನಾನು ನಂಬಲಿಲ್ಲ. ಭೀಮಪ್ಪ ಬೇರೆ ಗಾಣಕ್ಕೆ ಹೋಗುತ್ತೇನೆಂದಾಗ ಮಾಲಕ ಹಲ್ಲು ಕಡಿದದ್ದನ್ನು ಕಣ್ಣಾರೆ ಕಂಡಿದ್ದೆ. ನಮ್ಮ ಶಾಲೆಯ ಚಿತ್ರ ಪ್ರದರ್ಶನಕ್ಕೆ ಆ ಮಾಲಕನೇ ಅತಿಥಿ ಎಂದು ತಿಳಿದಾಗ, ತಗಡಿನಿಂದ ಅಚ್ಚು ತೆಗೆದು, ಬೇಕೆಂದೇ ಆ ಚಿತ್ರವನ್ನು ಬಾಗಿಲಿಗೆ ಎದುರಾಗಿ ತೂಗುಹಾಕಿದೆ. ಅವನು ಬೆವರಬೇಕು, ಅಷ್ಟೇ ನನ್ನ ಆಸೆ.

ಮೊದಲು ಬಂದವಳು, ನಾನು ಹೇಳಿಕಳಿಸಿದ್ದ ಭೀಮಪ್ಪನ ಹೆಂಡತಿ ಸತ್ಯವ್ವ. ತುಂಬ ಹೊತ್ತು ನೋಡಿ ಕೇಳಿದಳು: "ಮಾಸ್ತರ, ಹಣೀ ಮ್ಯಾಲಿನ ಗಾಯ ನಿಮಗ ಹೆಂಗ ಗೊತ್ತಾತ್ರಿ? ನೀವು ಮಣ್ಣ ಮಾಡೂವಾಗ ಬಂದಿರಲಿಲ್ಲಲಾ?"

ತಿರುಗಿ ನೋಡಿದೆ. ಹುಬ್ಬಿನಿಂದ ಮೇಲಕ್ಕೆ ದಪ್ಪನೆಯ ಕಪ್ಪು ಗೆರೆ. ನಾನು ಗೀರಿದ್ದಲ್ಲ. ತೂಗುಹಾಕುವಾಗ ಇರಲೂ ಇಲ್ಲ.

ಅಷ್ಟರಲ್ಲಿ ಮಾಲಕ ನಗುತ್ತ ಒಳಗೆ ಬಂದ. ಚಿತ್ರ ಕಂಡದ್ದೇ ನಗು ಆರಿಹೋಯಿತು. ಹಿಂದಕ್ಕೆ ಸರಿಯಹೋದವನಿಗೆ ಸತ್ಯವ್ವ ಅಡ್ಡ ನಿಂತಳು.

"ನೋಡ್ರಿ ಧಣಿ, ಛಂದಗೆ ನೋಡ್ರಿ."

"ಒಂದ ಏಟು ಹಾಕಿದ್ದೆ... ಸಾಯ್ತಾನಂತ ಗೊತ್ತಿರಲಿಲ್ಲ," ಎಂದು ಅವನು ಎಲ್ಲರೆದುರು ಬಡಬಡಿಸಿದ.

ಮುಂದೆ ಅವನಿಗೆ ಶಿಕ್ಷೆಯಾಯಿತು. ಅಂದು ಪೊಲೀಸರು ಅವನನ್ನು ಜೀಪು ಹತ್ತಿಸುವಾಗ ನನಗೆ ಮರುಕ ಹುಟ್ಟಲಿಲ್ಲ, ಹೊಟ್ಟೆ ತಣ್ಣಗಾಯಿತು.

ಅದೇ ಸಂಜೆ ಮನೆಗೆ ಬಂದು ತಗಡನ್ನು ಬೆರಳಿನಿಂದ ಸವರಿದೆ. ಹಣೆಯಲ್ಲಿ ಒಂದು ಗೀರೂ ಇಲ್ಲ. ಮತ್ತೊಂದು ಅಚ್ಚು ತೆಗೆದೆ, ಅದರಲ್ಲೂ ಇಲ್ಲ. ಮಸಿ ಹರಡಿತ್ತೆನ್ನಲೇ? ಸರಿಯಾಗಿ ಗಾಯವಿದ್ದಲ್ಲೇ? ಇಂದಿಗೂ ನನಗೆ ಬಗೆಹರಿದಿಲ್ಲ.

ಆ ಹೊಸ ಅಚ್ಚನ್ನು ಸತ್ಯವ್ವನಿಗೆ ಕೊಡಹೋದೆ. ಅವಳು ಕೈಯಿಂದ ಸರಿಸಿದಳು.

"ಇದು ಬ್ಯಾಡ್ರಿ. ಗಾಯ ಇದ್ದದ್ದ ಕೊಡ್ರಿ. ಅಂವ ಬಿಡುಗಡಿಯಾಗಿ ಊರಿಗೆ ಬರೂ ದಿನಾ ಬಾಗಲದಾಗ ಹಾಕ್ತೇನಿ."